ಸಂಖ್ಯಾಶಾಸ್ತ್ರದ ಸ್ನಾತಕೋತ್ತರ ಪದವಿ ಮತ್ತು ಕಾಯಕದ ದಾರಿಗಳು

ಸಿಂಧನೂರು, ಲಿಂಗಸುಗೂರು, ಮಸ್ಕಿ ಭಾಗದ ಮನೆಗಳಲ್ಲಿ ಮಗನೋ ಮಗಳೋ ಸಂಖ್ಯಾಶಾಸ್ತ್ರದಲ್ಲಿ ಎಂ.ಎಸ್ಸಿ. ಮಾಡುವ ಆಸೆಯನ್ನು ತಿಳಿಸಿದಾಗ ಹಿರಿಯರಿಂದ ಬರುವ ಮೊದಲ ಪ್ರಶ್ನೆ, ಓದಿದ ಮೇಲೆ ಮುಂದೇನು ಎಂಬುದು. ವೈದ್ಯನ ಕೆಲಸ, ಎಂಜಿನಿಯರನ ಕೆಲಸ ಎಲ್ಲರ ಕಣ್ಣಿಗೂ ಕಾಣುತ್ತದೆ. ಸಂಖ್ಯಾಶಾಸ್ತ್ರಜ್ಞನ ಕೆಲಸ ಹಾಗೆ ಕಾಣುವಂಥದಲ್ಲ. ಆದುದರಿಂದ ಕಾಲೇಜಿನಲ್ಲಿ ಪಾಠ ಹೇಳುವುದೊಂದೇ ಇದಕ್ಕಿರುವ ದಾರಿ ಎಂಬ ಭಾವನೆ ಬೇರೂರಿದೆ. ವಾಸ್ತವವಾಗಿ ಈ ಶಾಸ್ತ್ರದ ಅಗತ್ಯ ಇದೇ ಮೂರು ತಾಲ್ಲೂಕುಗಳ ಹೊಲಗಳಲ್ಲಿಯೂ ಗಣಿಯಲ್ಲಿಯೂ ಇದೆ. ಅದನ್ನು ಮೊದಲು ಅರಿತರೆ ಉದ್ಯೋಗದ ವಿಚಾರ ಸುಲಭವಾಗಿ ತಿಳಿಯುತ್ತದೆ.

ಹೊಲದಲ್ಲಿ

ತುಂಗಭದ್ರಾ ಎಡದಂಡೆ ಕಾಲುವೆಯ ನೀರಿನಿಂದ ಸಿಂಧನೂರು ಭತ್ತದ ಕಣಜವಾಯಿತು. ಅಲ್ಲಿಯ ಒಂದು ಗ್ರಾಮ ಪಂಚಾಯಿತಿಯಲ್ಲಿ ಹೆಕ್ಟೇರಿಗೆ ಎಷ್ಟು ಭತ್ತ ಬೆಳೆಯಿತೆಂದು ತಿಳಿಯಲು ಎಲ್ಲ ಗದ್ದೆಗಳ ಧಾನ್ಯವನ್ನು ತೂಗುವುದು ಸಾಧ್ಯವಿಲ್ಲ. ಅದಕ್ಕಾಗಿ ಬೆಳೆ ಕಟಾವು ಪ್ರಯೋಗ ನಡೆಯುತ್ತದೆ. ಯಾರ ಇಚ್ಛೆಗೂ ಒಳಪಡದಂತೆ ಯಾದೃಚ್ಛಿಕ ಸಂಖ್ಯೆಗಳ ಸಹಾಯದಿಂದ ಗದ್ದೆಯನ್ನೂ, ಗದ್ದೆಯೊಳಗಿನ ಸ್ಥಳವನ್ನೂ ಆರಿಸಿ, 5 ಮೀಟರ್ ಉದ್ದ 5 ಮೀಟರ್ ಅಗಲದ ತುಂಡನ್ನು ಕೊಯ್ದು, ಒಕ್ಕಿ, ತೂಗುತ್ತಾರೆ. ಆ ತುಂಡು 25 ಚದರ ಮೀಟರ್. ಹೆಕ್ಟೇರು 10,000 ಚದರ ಮೀಟರ್. ಹೀಗಾಗಿ ತೂಕವನ್ನು 400ರಿಂದ ಗುಣಿಸಬೇಕಾಗುತ್ತದೆ. ತಕ್ಕಡಿಯಲ್ಲಿ ಒಂದು ಕಿಲೋ ತಪ್ಪಿದರೆ ಹೆಕ್ಟೇರಿನ ಲೆಕ್ಕದಲ್ಲಿ ನಾಲ್ಕು ಕ್ವಿಂಟಲ್ ತಪ್ಪುತ್ತದೆ.

2016ರಲ್ಲಿ ಆರಂಭವಾದ ಪ್ರಧಾನ ಮಂತ್ರಿ ಫಸಲ್ ಬಿಮಾ ಯೋಜನೆಯಲ್ಲಿ ಇಳುವರಿ ನಷ್ಟದ ಪರಿಹಾರಕ್ಕೆ ಇಂಥ ಪ್ರಯೋಗಗಳೇ ಮುಖ್ಯ ಆಧಾರ. ಉದಾಹರಣೆಗೆ, ಒಂದು ಬೆಳೆಗೆ ನಿಗದಿಯಾದ ಇಳುವರಿ 20 ಕ್ವಿಂಟಲ್, ವಿಮಾ ಮೊತ್ತ 40,000 ರೂಪಾಯಿ ಎಂದಿಟ್ಟುಕೊಳ್ಳೋಣ. ನಿಜವಾದ ಇಳುವರಿ 15 ಕ್ವಿಂಟಲ್ ಆದರೆ ಕೊರತೆ ನೂರಕ್ಕೆ 25. ರೈತನಿಗೆ ಸಲ್ಲಬೇಕಾದುದು 10,000 ರೂಪಾಯಿ. ಅದೇ ಇಳುವರಿ ತಪ್ಪಿನಿಂದ 18 ಎಂದು ದಾಖಲಾದರೆ ಕೈಗೆ ಬರುವುದು 4,000 ಮಾತ್ರ. ಸ್ಥಳದ ಆಯ್ಕೆ, ತೂಕ, ದಾಖಲೆ ಇವುಗಳ ಶುದ್ಧಿಯನ್ನು ಪರೀಕ್ಷಿಸಬಲ್ಲವನು ಈ ಶಾಸ್ತ್ರವನ್ನು ಬಲ್ಲವನು. ರೈತನ ನ್ಯಾಯ ಅವನ ಅಂಕೆಯಲ್ಲಿದೆ.

ಸರಾಸರಿಯ ವಿಷಯದಲ್ಲಿಯೂ ಇಂಥದೇ ಎಚ್ಚರ ಬೇಕು. ಸಿಂಧನೂರಿನ ನೀರಾವರಿ ಗದ್ದೆಯನ್ನೂ ಮಸ್ಕಿಯ ಮಳೆಯಾಶ್ರಿತ ಹೊಲವನ್ನೂ ಕೂಡಿಸಿ ತೆಗೆದ ಸರಾಸರಿ ಎರಡಕ್ಕೂ ಒಪ್ಪುವುದಿಲ್ಲ. ಕಾಲುವೆಯ ಮೇಲ್ಭಾಗದ ಸಮೃದ್ಧಿ ಕೆಳಭಾಗದ ರೈತರ ಬವಣೆಯನ್ನು ಮರೆಮಾಡಬಹುದು. ಎಲ್ಲಿ ಕೂಡಿಸಬೇಕು, ಎಲ್ಲಿ ವಿಂಗಡಿಸಬೇಕು ಎಂಬ ವಿವೇಕವೇ ಈ ವಿದ್ಯೆಯ ತಿರುಳು.

ಗಣಿಯಲ್ಲಿ

ಲಿಂಗಸುಗೂರು ತಾಲ್ಲೂಕಿನ ಹಟ್ಟಿಯಲ್ಲಿ ಚಿನ್ನದ ಗಣಿಯಿದೆ. ಒಂದು ಟನ್ ಅದಿರಿನಲ್ಲಿ ದೊರೆಯುವ ಚಿನ್ನವನ್ನು ಗ್ರಾಂಗಳಲ್ಲಿ ಅಳೆಯುತ್ತಾರೆ. ಕೆಲವು ಕಡೆಗಳಿಂದ ತೆಗೆದ ಮಾದರಿಗಳಿಂದ ನೆಲದೊಳಗಿನ ಅದಿರಿನ ಗುಣವನ್ನು ಅಂದಾಜು ಮಾಡುವುದು ಶುದ್ಧ ಸಂಖ್ಯಾಶಾಸ್ತ್ರದ ಪ್ರಶ್ನೆ. ದಕ್ಷಿಣ ಆಫ್ರಿಕದ ಚಿನ್ನದ ಗಣಿಗಳಲ್ಲಿ ಡಿ. ಜಿ. ಕ್ರಿಗ್ ಎಂಬ ಎಂಜಿನಿಯರ್ 1951ರಲ್ಲಿ ಈ ಪ್ರಶ್ನೆಯನ್ನು ಎತ್ತಿಕೊಂಡನು. ಭೂಸಂಖ್ಯಾಶಾಸ್ತ್ರವೆಂಬ ಶಾಖೆ ಅಲ್ಲಿಂದ ಬೆಳೆಯಿತು. ಗಣಿ, ಅಂತರ್ಜಲ, ಮಣ್ಣಿನ ಪರೀಕ್ಷೆ ಈ ಎಲ್ಲ ಕ್ಷೇತ್ರಗಳಲ್ಲಿ ಅದು ಇಂದು ಬಳಕೆಯಲ್ಲಿದೆ.

ಸರ್ಕಾರದ ಸೇವೆಯಲ್ಲಿ

ರಾಜ್ಯದ ಆರ್ಥಿಕ ಮತ್ತು ಸಾಂಖ್ಯಿಕ ನಿರ್ದೇಶನಾಲಯಕ್ಕೆ ಜಿಲ್ಲೆಗಳಲ್ಲಿ ಕಚೇರಿಗಳಿವೆ. ಇಲ್ಲಿಯ ನೇಮಕಾತಿಯಲ್ಲಿ 371(ಜೆ) ವಿಧಿಯನ್ವಯ ಕಲ್ಯಾಣ ಕರ್ನಾಟಕದ ಅಭ್ಯರ್ಥಿಗಳಿಗೆ ಮೀಸಲಾತಿಯೂ ಇದೆ. ಕೇಂದ್ರದಲ್ಲಿ 1961ರಲ್ಲಿ ರಚಿತವಾದ ಭಾರತೀಯ ಸಾಂಖ್ಯಿಕ ಸೇವೆಯಿದೆ; ಕೇಂದ್ರ ಲೋಕಸೇವಾ ಆಯೋಗ ಅದರ ಪರೀಕ್ಷೆಯನ್ನು ನಡೆಸುತ್ತದೆ. ಅದಕ್ಕೆ ಉತ್ತರಗಳನ್ನು ಇಂಗ್ಲಿಷಿನಲ್ಲಿಯೇ ಬರೆಯಬೇಕಾಗಿರುವುದನ್ನು ಕನ್ನಡ ಮಾಧ್ಯಮದಿಂದ ಬಂದವರು ಮೊದಲೇ ಗಮನಿಸತಕ್ಕದ್ದು. ಸಿಬ್ಬಂದಿ ನೇಮಕಾತಿ ಆಯೋಗದ ಮೂಲಕ ಕಿರಿಯ ಸಾಂಖ್ಯಿಕ ಅಧಿಕಾರಿಗಳ ನೇಮಕವಾಗುತ್ತದೆ. ಭಾರತೀಯ ರಿಸರ್ವ್ ಬ್ಯಾಂಕು ತನ್ನ ಸಾಂಖ್ಯಿಕ ವಿಭಾಗಕ್ಕೆ ಸ್ನಾತಕೋತ್ತರ ಪದವೀಧರರನ್ನು ಪ್ರತ್ಯೇಕ ಪರೀಕ್ಷೆಯಿಂದ ಆರಿಸಿಕೊಳ್ಳುತ್ತದೆ.

ಬೋಧನೆ, ಸಂಶೋಧನೆ, ಉದ್ಯಮ

ಬೋಧನೆಯ ದಾರಿಯೂ ಕಡಿಮೆಯದಲ್ಲ. ಪದವಿ ಕಾಲೇಜುಗಳಿಗೆ ಎನ್.ಇ.ಟಿ. ಅಥವಾ ಕೆ-ಸೆಟ್ ಪರೀಕ್ಷೆಯ ಗಣಿತ ವಿಜ್ಞಾನಗಳ ವಿಭಾಗದಲ್ಲಿ ಅರ್ಹತೆ ಪಡೆಯಬಹುದು. ಪದವಿಪೂರ್ವ ತರಗತಿಗಳಲ್ಲಿ ಸಂಖ್ಯಾಶಾಸ್ತ್ರ ಸ್ವತಂತ್ರ ವಿಷಯವಾಗಿದೆ. ಸಂಶೋಧನೆಯಲ್ಲಿ ಆಸಕ್ತಿಯುಳ್ಳವರಿಗೆ ಬೆಂಗಳೂರಿನಲ್ಲಿಯೂ ಕೇಂದ್ರವುಳ್ಳ ಭಾರತೀಯ ಸಂಖ್ಯಾಶಾಸ್ತ್ರ ಸಂಸ್ಥೆ, ದೆಹಲಿಯ ಕೃಷಿ ಸಂಖ್ಯಾಶಾಸ್ತ್ರ ಸಂಶೋಧನಾ ಸಂಸ್ಥೆ, ಮುಂಬಯಿಯ ಜನಸಂಖ್ಯಾ ಅಧ್ಯಯನ ಸಂಸ್ಥೆ ಇವೆ. ಹೊಸ ಔಷಧಿಯ ಗುಣವನ್ನು ರೋಗಿಗಳ ಎರಡು ಗುಂಪುಗಳಲ್ಲಿ ಹೋಲಿಸಿ ನಿರ್ಣಯಿಸುವವನು ಜೀವಸಂಖ್ಯಾಶಾಸ್ತ್ರಜ್ಞ. ಆಸ್ಪತ್ರೆಗಳಿಗೂ ಔಷಧ ಕಂಪನಿಗಳಿಗೂ ಅವನು ಬೇಕು. ವಿಮೆಯ ಕಂತನ್ನು ಗಣಿಸುವ ಆಕ್ಚುಯರಿಯಾಗಲು ಹಲವು ವೃತ್ತಿ ಪರೀಕ್ಷೆಗಳನ್ನು ದಾಟಬೇಕು; ಅದು ದೀರ್ಘ ಸಾಧನೆಯ ದಾರಿ. ಬ್ಯಾಂಕು, ವ್ಯಾಪಾರ, ಗಣಕಯಂತ್ರ ಕ್ಷೇತ್ರಗಳಲ್ಲಿ ದತ್ತಾಂಶ ವಿಶ್ಲೇಷಕರಿಗೆ ಬೇಡಿಕೆಯಿದೆ.

ಸಿ. ಆರ್. ರಾವ್ ಅವರ ನಿದರ್ಶನ

ಈ ವಿದ್ಯೆಯ ಶಿಖರವನ್ನು ಮುಟ್ಟಿದವರೊಬ್ಬರು ಹುಟ್ಟಿದ್ದು ದೂರದಲ್ಲೇನೂ ಅಲ್ಲ. ಸಿ. ಆರ್. ರಾವ್ ಅವರು 1920ರ ಸೆಪ್ಟೆಂಬರ್ 10ರಂದು ಹೂವಿನಹಡಗಲಿಯಲ್ಲಿ ಜನಿಸಿದರು. ಗಣಿತದಲ್ಲಿ ಎಂ.ಎ. ಮುಗಿಸಿ, ಸೇನೆಯ ಸರ್ವೇಕ್ಷಣ ಘಟಕದ ಕೆಲಸವೊಂದನ್ನು ಅರಸಿ ಕಲಕತ್ತೆಗೆ ಹೋದರು. ಆ ಕೆಲಸ ದೊರೆಯಲಿಲ್ಲ. ಅಲ್ಲಿಯೇ ಪಿ. ಸಿ. ಮಹಾಲನೋಬಿಸ್ ಅವರು 1931ರಲ್ಲಿ ಕಟ್ಟಿದ್ದ ಸಂಖ್ಯಾಶಾಸ್ತ್ರ ಸಂಸ್ಥೆಯನ್ನು 1941ರಲ್ಲಿ ಸೇರಿದರು. 1943ರಲ್ಲಿ ಕಲಕತ್ತಾ ವಿಶ್ವವಿದ್ಯಾಲಯದಿಂದ ಸಂಖ್ಯಾಶಾಸ್ತ್ರದ ಎಂ.ಎ. ಪಡೆದರು. ಅನಂತರ ಎರಡೇ ವರ್ಷದಲ್ಲಿ, 25 ತುಂಬುವ ವಯಸ್ಸಿನಲ್ಲಿ ಪ್ರಕಟಿಸಿದ ಲೇಖನ ಅವರ ಹೆಸರನ್ನು ಜಗತ್ತಿನ ಪಠ್ಯಪುಸ್ತಕಗಳಲ್ಲಿ ನಿಲ್ಲಿಸಿತು. ಯಾವುದೇ ಅಂದಾಜು ಎಷ್ಟರಮಟ್ಟಿಗೆ ನಿಖರವಾಗಿರಬಲ್ಲದು ಎಂಬುದಕ್ಕೆ ಅದು ಒಂದು ಮಿತಿಯನ್ನು ತೋರಿಸಿತು. 2023ರಲ್ಲಿ ಅವರಿಗೆ ಅಂತರರಾಷ್ಟ್ರೀಯ ಸಂಖ್ಯಾಶಾಸ್ತ್ರ ಪ್ರಶಸ್ತಿ ಸಂದಿತು; ಅದೇ ವರ್ಷ ಆಗಸ್ಟಿನಲ್ಲಿ ಅವರು ನಿಧನರಾದರು.

ಸಿದ್ಧತೆ ಮತ್ತು ಹೊಣೆ

ಪದವಿಯೊಂದೇ ಸಾಲದು. ಪ್ರತಿಚಯನ, ಪ್ರಯೋಗ ವಿನ್ಯಾಸ, ಸಮಾಶ್ರಯಣ ಇವುಗಳಲ್ಲಿ ಗಟ್ಟಿ ತಳಹದಿ ಇರಬೇಕು. ಆರ್ ಮತ್ತು ಪೈಥಾನ್ ಎಂಬ ಗಣಕ ಭಾಷೆಗಳು ಉಚಿತವಾಗಿ ದೊರೆಯುತ್ತವೆ. ಅವನ್ನು ಕೈವಶ ಮಾಡಿಕೊಳ್ಳಬೇಕು. ಫಲಿತಾಂಶವನ್ನು ರೈತನಿಗೆ ಕನ್ನಡದಲ್ಲಿಯೂ ಅಧಿಕಾರಿಗೆ ಇಂಗ್ಲಿಷಿನಲ್ಲಿಯೂ ತಿಳಿಯಹೇಳುವ ಶಕ್ತಿ ಬೆಳೆಯಬೇಕು.

ಇಲ್ಲಿ ಶಾಲೆಯ ಪಾತ್ರ ಹಿರಿದು. ಊರಿನ ಮಳೆಯ ಲೆಕ್ಕವನ್ನು ಮಕ್ಕಳಿಂದ ಬರೆಯಿಸುವ ಗಣಿತದ ಅಧ್ಯಾಪಕರು ಆಗಲೇ ಈ ಶಾಸ್ತ್ರದ ಮೊದಲ ಪಾಠ ಹೇಳಿದಂತೆ. ಬೇರೆ ಊರುಗಳಲ್ಲಿ ಇಂಥ ಕೆಲಸದಲ್ಲಿರುವ ಹಳೆಯ ವಿದ್ಯಾರ್ಥಿಗಳು ವರ್ಷಕ್ಕೊಮ್ಮೆ ಬಂದು ಮಕ್ಕಳೊಡನೆ ಮಾತನಾಡಿದರೆ ಕಾಣದಿದ್ದ ದಾರಿ ಕಾಣುತ್ತದೆ. ಒಬ್ಬ ವಿದ್ಯಾರ್ಥಿಯ ಎರಡು ವರ್ಷದ ಎಂ.ಎಸ್ಸಿ. ಓದಿಗೆ, ಪರೀಕ್ಷೆಯ ಸಿದ್ಧತೆಗೆ ದಾನಿಗಳು ನೆರವಾದರೆ ಅದು ಸಾರ್ಥಕವಾದ ದಾಸೋಹ. ಅಳತೆಯಲ್ಲಿ ಮೋಸವಿಲ್ಲದೆ ದುಡಿಯುವುದು ಕಾಯಕದ ಧರ್ಮ. ಈ ನೆಲದ ಅಂಕೆಗಳನ್ನು ಈ ನೆಲದ ಮಕ್ಕಳೇ ಆ ನಿಷ್ಠೆಯಿಂದ ಬರೆಯುವಂತಾದರೆ ಹಿರಿಯರ ಪ್ರಶ್ನೆಗೆ ತಕ್ಕ ಉತ್ತರ ದೊರೆತಂತಾಗುವುದು.