ವರ್ಷಕ್ಕೆ ಸಾವಿರ ಚೀಟಿ: ಆಸ್ಟ್ರೇಲಿಯಾದ ವರ್ಕ್ ಅಂಡ್ ಹಾಲಿಡೇ ವೀಸಾ

ಪ್ಲೇಸ್‌ಮೆಂಟ್ ಸೀಸನ್ ಬಂತು ಅಂದ್ರೆ ಹಾಸ್ಟೆಲ್‌ನಲ್ಲಿ ಈ ವೀಸಾದ ಮಾತೂ ಶುರುವಾಗುತ್ತದೆ. ಇದು ನಮಗೆಷ್ಟು ಉಪಯೋಗ ಅಂತ ಒಮ್ಮೆ ಲೆಕ್ಕ ಹಾಕೋಣ.

ಭಾರತ-ಆಸ್ಟ್ರೇಲಿಯಾ ವ್ಯಾಪಾರ ಒಪ್ಪಂದ 2022ರ ಡಿಸೆಂಬರ್ 29ರಂದು ಜಾರಿಗೆ ಬಂತು. ಅದರ ಪ್ರಕಾರ ವರ್ಷಕ್ಕೆ 1,000 ಭಾರತೀಯರಿಗೆ ಈ ವೀಸಾ (ಸಬ್‌ಕ್ಲಾಸ್ 462) ಸಿಗುತ್ತದೆ. ವಯಸ್ಸು 18ರಿಂದ 30ರ ಒಳಗಿರಬೇಕು, ಕಾಲೇಜು ಓದು ಕನಿಷ್ಠ ಎರಡು ವರ್ಷ ಮುಗಿದಿರಬೇಕು.

ಸಿಜಿಪಿಎ ಇಲ್ಲಿ ಲೆಕ್ಕಕ್ಕಿಲ್ಲ. ಪಾಸ್‌ಪೋರ್ಟ್, ಪ್ಯಾನ್ ಕಾರ್ಡ್ ವಿವರ ಕೊಟ್ಟು, 25 ಆಸ್ಟ್ರೇಲಿಯನ್ ಡಾಲರ್ ಕಟ್ಟಿ ಬ್ಯಾಲಟ್‌ಗೆ ಹೆಸರು ಹಾಕಬೇಕು. ಆಮೇಲೆ ಕಂಪ್ಯೂಟರ್ ಚೀಟಿ ಎತ್ತುತ್ತದೆ. 2024ರ ಮೊದಲ ಬ್ಯಾಲಟ್‌ಗೆ ಎರಡೇ ವಾರದಲ್ಲಿ ಸುಮಾರು 40,000 ಹೆಸರು ಬಂದಿದ್ದವು. ಅಷ್ಟರಲ್ಲೇ ಲೆಕ್ಕ ಹಾಕಿದರೂ 40 ಜನರಲ್ಲಿ ಒಬ್ಬರಿಗೆ. "ನಿಮ್ಮ ಹೆಸರು ಬರೋ ಹಾಗೆ ಮಾಡ್ತೀವಿ" ಅನ್ನುವ ಏಜೆಂಟರಿಗೆ ದುಡ್ಡು ಕೊಡೋದು ದಂಡ. ಚೀಟಿ ಅವರ ಕೈಯಲ್ಲಿಲ್ಲ.

ಹೆಸರು ಬಂದರೆ ವೀಸಾ ಶುಲ್ಕ ಬೇರೆ ಕಟ್ಟಬೇಕು. ಇಂಗ್ಲಿಷ್ ಬರುತ್ತದೆ ಅನ್ನೋದಕ್ಕೆ ಪುರಾವೆ, ಖಾತೆಯಲ್ಲಿ ಸುಮಾರು 5,000 ಡಾಲರ್ ತೋರಿಸಬೇಕು. ವೀಸಾ ಅವಧಿ 12 ತಿಂಗಳು. ಒಂದೇ ಕಡೆ ಸಾಮಾನ್ಯವಾಗಿ ಆರು ತಿಂಗಳು ಮಾತ್ರ ದುಡಿಯಬಹುದು. ಹಾಗಾಗಿ ಕೋರ್ ಕಂಪನಿಯ ಕೆಲಸಕ್ಕಿಂತ ತೋಟ, ಹೋಟೆಲ್, ಕೆಫೆ ಕೆಲಸಕ್ಕೇ ಇದು ಹೊಂದುತ್ತದೆ.

ನಮ್ಮ ಸಲಹೆ ಇಷ್ಟೇ: ಇದನ್ನು ನಂಬಿ ಕೈಗೆ ಬಂದ ಆಫರ್ ಬಿಡಬೇಡಿ. ಕೆಲಸಕ್ಕೆ ಸೇರಿ, ಒಂದಿಷ್ಟು ಉಳಿಸಿ, ಪ್ರತಿ ವರ್ಷ ಹೆಸರು ಹಾಕುತ್ತಿರಿ. 30 ತುಂಬಲು ಇನ್ನೂ ಟೈಮಿದೆ.