ಕಾಫಿ ಸೀಮೆಯನ್ನು ಅರಿಯಲು ಎಂಟು ಹೆಜ್ಜೆ

ಚಿಕ್ಕಮಗಳೂರು, ಮೂಡಿಗೆರೆ, ಕಳಸದ ಗುಡ್ಡಸೀಮೆಗೆ ವರ್ಷವಿಡೀ ಪ್ರವಾಸಿಗರು ಬರುತ್ತಾರೆ. ಹೆಚ್ಚಿನವರ ಪಟ್ಟಿಯಲ್ಲಿರುವುದು ಮುಳ್ಳಯ್ಯನಗಿರಿಯ ತುದಿ, ಒಂದೆರಡು ಜಲಪಾತ, ಹೊರನಾಡಿನ ದರ್ಶನ. ಎರಡು ದಿನದಲ್ಲಿ ಇಷ್ಟೂ ಮುಗಿಯುತ್ತದೆ, ಆದರೆ ಇಲ್ಲಿನ ಬದುಕು ಕಣ್ಣಿಗೆ ಬೀಳದೆ ಉಳಿಯುತ್ತದೆ. ತೋಟದ ಕೆಲಸ, ಮನೆಯ ಊಟ, ಊರದೇವರ ಹಬ್ಬ ಇವುಗಳ ಸುತ್ತ ಈ ಸೀಮೆಯ ಸಂಸ್ಕೃತಿ ಬೆಳೆದಿದೆ. ಅದನ್ನು ಅರಿಯಬೇಕೆಂದು ಬಯಸುವ ವಿದೇಶಿ ಪ್ರವಾಸಿಗೂ, ಬಯಲುಸೀಮೆಯಿಂದ ಬರುವ ಕನ್ನಡಿಗನಿಗೂ ದಾರಿ ಒಂದೇ. ಅದರ ಹೆಜ್ಜೆಗಳು ಇಲ್ಲಿವೆ.

1. ಕಾಲ ನೋಡಿ ಹೊರಡುವುದು

ಈ ಸೀಮೆಯ ಪಂಚಾಂಗವನ್ನು ಬರೆಯುವುದು ಕಾಫಿ ಗಿಡ ಮತ್ತು ಮಳೆ. ಅರೇಬಿಕಾ ಹಣ್ಣಿನ ಕೊಯ್ಲು ನವೆಂಬರ್‌ನಲ್ಲಿ ಶುರುವಾಗಿ ಜನವರಿವರೆಗೆ ನಡೆಯುತ್ತದೆ. ರೊಬಸ್ಟಾ ಕೊಯ್ಲು ಜನವರಿಯಿಂದ ಮಾರ್ಚ್‌ವರೆಗೆ. ತೋಟ, ಪಲ್ಪರ್ ಮನೆ, ಕಣ ಮೂರೂ ತುಂಬಿರುವ ಈ ತಿಂಗಳುಗಳು ಕೆಲಸ ನೋಡಲು ಬರುವವರಿಗೆ ತಕ್ಕ ಕಾಲ. ಫೆಬ್ರುವರಿಯಿಂದ ಏಪ್ರಿಲ್‌ವರೆಗಿನ ಅವಧಿಯಲ್ಲಿ ಹೂಮಳೆ ಬಿದ್ದರೆ, ಎಂಟು ಒಂಬತ್ತು ದಿನಕ್ಕೆ ತೋಟವೆಲ್ಲ ಬೆಳ್ಳಗೆ ಅರಳಿ ಮಲ್ಲಿಗೆಯಂಥ ಕಂಪು ಹರಡುತ್ತದೆ. ಹೂವು ನಿಲ್ಲುವುದು ಮೂರು ನಾಲ್ಕು ದಿನ ಮಾತ್ರ. ಮಳೆ ಯಾವಾಗ ಎಂದು ಯಾರೂ ಹೇಳಲಾಗದ್ದರಿಂದ, ಹೂವು ನೋಡಬೇಕೆಂದಿರುವವರು ಬೆಳೆಗಾರರೊಂದಿಗೆ ಫೋನ್ ಸಂಪರ್ಕ ಇಟ್ಟುಕೊಂಡು ದಿನ ಗೊತ್ತು ಮಾಡಬೇಕು.

ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಮಳೆಗಾಲ. ಕೊಟ್ಟಿಗೆಹಾರ, ಕಳಸದ ಕಡೆ ದಿನಗಟ್ಟಲೆ ಬಿಡದೆ ಮಳೆ ಹೊಯ್ಯುತ್ತದೆ. ಕರೆಂಟು ಹೋಗುತ್ತದೆ, ಮರ ಬಿದ್ದು ದಾರಿ ಕಟ್ಟುತ್ತದೆ, ಚಾರ್ಮಾಡಿ ಘಾಟಿಯಲ್ಲಿ ಗುಡ್ಡ ಕುಸಿಯುವುದೂ ಉಂಟು. ಮಲೆನಾಡಿನ ನಿಜರೂಪ ಕಾಣುವುದು ಆಗಲೇ ಆದರೂ, ದಾರಿಯ ಸ್ಥಿತಿ ವಿಚಾರಿಸದೆ ಹೊರಡಬಾರದು.

2. ದಾರಿ ಮತ್ತು ಕಾಗದಪತ್ರ

ಬೆಂಗಳೂರಿನಿಂದ ಚಿಕ್ಕಮಗಳೂರಿಗೆ ರಸ್ತೆಯಲ್ಲಿ ಸುಮಾರು 245 ಕಿ.ಮೀ. ಚಿಕ್ಕಮಗಳೂರಿಗೆ ರೈಲು ಬಂದದ್ದು 2013ರಲ್ಲಿ; ಅಲ್ಲಿಗೆ ಬರುವ ಗಾಡಿಗಳು ಕಡಿಮೆಯಾದ್ದರಿಂದ 40 ಕಿ.ಮೀ. ದೂರದ ಕಡೂರಿನಲ್ಲಿ ಇಳಿದು ಬಸ್ಸು ಹಿಡಿಯುವವರೇ ಹೆಚ್ಚು. ಚಿಕ್ಕಮಗಳೂರಿನಿಂದ ಮೂಡಿಗೆರೆ ಸುಮಾರು 30 ಕಿ.ಮೀ., ಕಳಸ ಸುಮಾರು 90 ಕಿ.ಮೀ. ತಿರುವಿನ ದಾರಿಯಾದ್ದರಿಂದ ಕಳಸ ತಲುಪಲು ಮೂರು ಗಂಟೆ ಇಟ್ಟುಕೊಳ್ಳುವುದು ಲೇಸು. ಖಾಸಗಿ ಬಸ್ಸುಗಳು ಈ ಸೀಮೆಯ ಜೀವನಾಡಿ. ಒಮ್ಮೆಯಾದರೂ ಅದರಲ್ಲಿ ಕೂತು ಪಯಣಿಸಿದರೆ ಕನ್ನಡ, ತುಳು, ಕೊಂಕಣಿ, ಬ್ಯಾರಿ, ಮಲಯಾಳಂ ಒಂದೇ ಗಾಡಿಯಲ್ಲಿ ಕಿವಿಗೆ ಬೀಳುತ್ತವೆ.

ವಿದೇಶಿ ಅತಿಥಿ ಬಂದಿಳಿದರೆ, ಅವರ ಪಾಸ್‌ಪೋರ್ಟ್ ಮತ್ತು ವೀಸಾ ವಿವರವನ್ನು 24 ಗಂಟೆಯೊಳಗೆ ಆನ್‌ಲೈನ್‌ನಲ್ಲಿ ನೋಂದಣಿ ಅಧಿಕಾರಿಗೆ ತಿಳಿಸುವುದು ಆತಿಥೇಯರ ಕಾನೂನುಬದ್ಧ ಹೊಣೆ. ಹೋಂಸ್ಟೇ ಇರಲಿ, ಸ್ನೇಹಿತರ ಮನೆ ಇರಲಿ, ಈ ನಿಯಮ ತಪ್ಪುವುದಿಲ್ಲ. ಪರವಾನಗಿ ಇಲ್ಲದೆ ಸ್ಯಾಟಲೈಟ್ ಫೋನ್ ತರುವುದು ಭಾರತದಲ್ಲಿ ಅಪರಾಧ. ಡ್ರೋನ್ ಹಾರಿಸುವುದಕ್ಕೂ ಅನುಮತಿ ಬೇಕು. ಗುಡ್ಡದ ಮರೆಯಲ್ಲಿ ಮೊಬೈಲ್ ಸಿಗ್ನಲ್ ಸಿಗದ ಕಾರಣ ವಿಳಾಸವನ್ನು ಕಾಗದದ ಮೇಲೆ ಬರೆದಿಟ್ಟುಕೊಳ್ಳಬೇಕು, ಕೈಯಲ್ಲಿ ಸ್ವಲ್ಪ ನಗದೂ ಇರಬೇಕು.

3. ಒಂದೇ ಮನೆಯಲ್ಲಿ ಉಳಿಯುವುದು

ದಿನಕ್ಕೊಂದು ಊರು ಬದಲಿಸುವವರಿಗೆ ದಾರಿಯ ಧೂಳಷ್ಟೇ ಗಿಟ್ಟುತ್ತದೆ. ಕನಿಷ್ಠ ಮೂರು ರಾತ್ರಿ ಒಂದೇ ಮನೆಯಲ್ಲಿ ತಂಗಿದರೆ ಆ ಊರಿನ ಪರಿಚಯವಾಗುತ್ತದೆ. ಇದಕ್ಕೆ ಹೊರದೇಶದ ಉದಾಹರಣೆಯೂ ಇದೆ: ದಕ್ಷಿಣ ಕೊರಿಯಾ 2002ರ ವಿಶ್ವಕಪ್ ಫುಟ್‌ಬಾಲ್ ಸಮಯದಲ್ಲಿ ತನ್ನ ಬೌದ್ಧ ವಿಹಾರಗಳಲ್ಲಿ ವಿದೇಶಿಯರಿಗೆ ತಂಗುವ ಅವಕಾಶ ಕೊಟ್ಟಿತು. ಅತಿಥಿಗಳು ಭಿಕ್ಷುಗಳ ದಿನಚರಿಯನ್ನೇ ಪಾಲಿಸುವ ಆ ಏರ್ಪಾಡು ಇಂದಿಗೂ ನಡೆದಿದೆ. ಕಾಫಿ ಸೀಮೆಯಲ್ಲಿ ಅಂಥ ಅವಕಾಶ ಕೊಡುವುದು ಬೆಳೆಗಾರರ ಮನೆಯ ಹೋಂಸ್ಟೇ.

ಆರಿಸುವಾಗ ಮೂರು ಸಂಗತಿ ವಿಚಾರಿಸಬೇಕು: ಪ್ರವಾಸೋದ್ಯಮ ಇಲಾಖೆಯ ನೋಂದಣಿ ಇದೆಯೇ, ಮನೆಯವರು ಅಲ್ಲೇ ವಾಸವಿದ್ದಾರೆಯೇ, ಊಟ ಮನೆಯ ಅಡುಗೆಯೇ. ಮೂರಕ್ಕೂ ಹೌದೆಂಬ ಉತ್ತರ ಬಂದರೆ ಜಾಗ ಸರಿಯಾಗಿದೆ. ಹೆಂಚಿನ ಮಾಡು, ಜಗುಲಿ, ನಡುವೆ ತೊಟ್ಟಿ, ಬಚ್ಚಲಲ್ಲಿ ನೀರು ಕಾಯುವ ಹಂಡೆ ಇರುವ ಹಳೆಯ ಮನೆ ಸಿಕ್ಕರೆ ಇನ್ನೂ ಒಳ್ಳೆಯದು. ಮಳೆಯನ್ನು ತಡೆದು ಬಾಳಲು ಮಲೆನಾಡಿಗರು ಕಂಡುಕೊಂಡ ಕಟ್ಟಡ ವಿದ್ಯೆ ಅಲ್ಲಿದೆ.

4. ಅತಿಥಿಯಾಗಿ ನಡೆದುಕೊಳ್ಳುವುದು

ಚಪ್ಪಲಿ ಜಗುಲಿಯ ಕೆಳಗೇ ಬಿಡಬೇಕು. ಬಂದವರಿಗೆ ಮೊದಲು ನೀರು, ಬೆಲ್ಲ, ಇಲ್ಲವೇ ಕಾಫಿ ಕೊಡುವುದು ಹಳೆಯ ವಾಡಿಕೆ. ಆಸರಿಗೆ ಏನಾದರೂ ತೆಗೆದುಕೊಳ್ಳಿ ಎಂದಾಗ ಬೇಡ ಎನ್ನುವುದಕ್ಕಿಂತ ಅರ್ಧ ಲೋಟವಾದರೂ ಕುಡಿಯುವುದು ಮರ್ಯಾದೆ. ಹಿರಿಯರನ್ನು ಹೆಸರು ಹಿಡಿದು ಕರೆಯುವಂತಿಲ್ಲ. ಅಣ್ಣ, ಅಕ್ಕ, ಅಮ್ಮ ಎಂದರೆ ಎಲ್ಲರಿಗೂ ಒಪ್ಪುತ್ತದೆ. ಕನ್ನಡ ಬಾರದವರು "ನಮಸ್ಕಾರ", "ಊಟ ಆಯ್ತಾ?", "ಹೋಗಿ ಬರ್ತೀನಿ" ಎಂಬ ಮೂರು ಮಾತು ಕಲಿತರೂ ಸಾಕು, ಮುಖಗಳು ಅರಳುತ್ತವೆ. ಹೊರಡುವಾಗ "ಹೋಗ್ತೀನಿ" ಎಂದಷ್ಟೇ ಹೇಳುವ ರೂಢಿ ಇಲ್ಲ.

ಅಡುಗೆಮನೆ, ದೇವರಮನೆಗೆ ಕರೆಯದೆ ಹೋಗಬಾರದು. ಕೆಲಸಗಾರರ ಲೈನ್ ಮನೆಗಳ ಮುಂದೆ ನಿಂತು ಫೋಟೊ ತೆಗೆಯುವ ಚಾಳಿಯನ್ನು ಬಿಡಲೇಬೇಕು. ಅದೂ ಒಂದು ಸಂಸಾರ ಬಾಳುವ ಮನೆ. ಯಾರ ಚಿತ್ರವನ್ನೇ ತೆಗೆಯುವುದಿದ್ದರೂ ಮೊದಲು ಕೇಳುವುದು ಕನಿಷ್ಠ ಸೌಜನ್ಯ.

5. ತೋಟ ನೋಡುವುದು

ಹದಿನೇಳನೆಯ ಶತಮಾನದಲ್ಲಿ ಸೂಫಿ ಸಂತ ಬಾಬಾ ಬುಡನ್ ಯೆಮನ್‌ನ ಮೋಕಾ ಬಂದರಿನಿಂದ ಏಳು ಕಾಫಿ ಬೀಜ ತಂದು ಇಲ್ಲಿನ ಗಿರಿಯಲ್ಲಿ ಬಿತ್ತಿದರೆಂಬುದು ಪ್ರತೀತಿ. ಇಂದು ಬಾಬಾ ಬುಡನ್‌ಗಿರಿ ಎನಿಸಿದ ಆ ಗಿರಿಗಳ ಅರೇಬಿಕಾಕ್ಕೂ ಚಿಕ್ಕಮಗಳೂರು ಅರೇಬಿಕಾಕ್ಕೂ ಬೇರೆ ಬೇರೆ ಭೌಗೋಳಿಕ ಸೂಚಕ ಮಾನ್ಯತೆ ಇದೆ. ಎರಡೂ ದೊರೆತದ್ದು 2019ರಲ್ಲಿ.

ತೋಟಕ್ಕೆ ಇಳಿಯುವ ಮೊದಲು ಚಿಕ್ಕಮಗಳೂರಿನಲ್ಲಿ ಕಾಫಿ ಮಂಡಳಿ ನಡೆಸುವ ಕಾಫಿ ಯಾತ್ರಾ ವಸ್ತುಸಂಗ್ರಹಾಲಯ ನೋಡಿದರೆ ಮುಂದಿನದೆಲ್ಲ ಸುಲಭವಾಗಿ ತಿಳಿಯುತ್ತದೆ. ಬಾಳೆಹೊನ್ನೂರಿನ ಬಳಿ 1925ರಲ್ಲಿ ಆರಂಭವಾದ ಕೇಂದ್ರೀಯ ಕಾಫಿ ಸಂಶೋಧನಾ ಸಂಸ್ಥೆ ಇದೆ; ಅಲ್ಲಿಗೆ ಹೋಗುವವರು ಮೊದಲೇ ಅನುಮತಿ ಕೇಳಬೇಕು.

ಬೆಳೆಗಾರರೊಬ್ಬರ ಜೊತೆ ಬೆಳಗಿನ ಹೊತ್ತು ತೋಟ ಸುತ್ತುವುದು ಮುಖ್ಯ ಪಾಠ. ಇಲ್ಲಿನ ಕಾಫಿ ಬಯಲಲ್ಲಿ ಬೆಳೆಯುವುದಿಲ್ಲ, ಮರಗಳ ನೆರಳಲ್ಲಿ ಬೆಳೆಯುತ್ತದೆ. ಮೇಲೆ ಹಲಸು, ಅತ್ತಿ, ಸಿಲ್ವರ್ ಓಕ್; ಅವುಗಳಿಗೆ ಹಬ್ಬಿದ ಕಾಳುಮೆಣಸಿನ ಬಳ್ಳಿ; ಕೆಳಗೆ ಕಾಫಿ, ತಗ್ಗಿನಲ್ಲಿ ಏಲಕ್ಕಿ, ಅಡಿಕೆ, ಗದ್ದೆ. ನೆರಳನ್ನು ಹದವಾಗಿಡಲು ವರ್ಷಕ್ಕೊಮ್ಮೆ ಮರಗಸಿ ಮಾಡುತ್ತಾರೆ. ಕೊಯ್ದ ಹಣ್ಣನ್ನು ಪಲ್ಪರ್‌ಗೆ ಹಾಕಿ ಸಿಪ್ಪೆ ತೆಗೆದು, ತೊಳೆದು ಒಣಗಿಸಿದರೆ ಪಾರ್ಚ್‌ಮೆಂಟ್. ಹಣ್ಣನ್ನು ಹಾಗೆಯೇ ಕಣದಲ್ಲಿ ಹರಡಿ ಒಣಗಿಸಿದರೆ ಚೆರ್ರಿ. ಒಂದು ಕಿಲೋ ಕಾಫಿ ಬೀಜಕ್ಕೆ ಐದಾರು ಕಿಲೋ ಹಣ್ಣು ಬೇಕು. ಈ ಹಣ್ಣನ್ನೆಲ್ಲ ಕೈಯಲ್ಲೇ ಬಿಡಿಸುವ ಕೆಲಸಗಾರರಲ್ಲಿ ಸ್ಥಳೀಯರ ಜೊತೆ ಈಗ ಅಸ್ಸಾಂನಂಥ ದೂರದ ರಾಜ್ಯಗಳಿಂದ ಬಂದವರೂ ಇದ್ದಾರೆ. ಅವರ ದುಡಿಮೆಯನ್ನು ಗಮನಿಸದೆ ಕಾಫಿಯ ಬಗ್ಗೆ ತಿಳಿದಂತಾಗುವುದಿಲ್ಲ.

6. ಊಟದಲ್ಲಿ ಮಲೆನಾಡು

ಹೋಟೆಲಿನ ಪಟ್ಟಿಯಲ್ಲಿ ಸಿಗದ ಅಡುಗೆಯೇ ಇಲ್ಲಿ ಹೆಚ್ಚು. ಕಡುಬು, ಅಕ್ಕಿರೊಟ್ಟಿ, ಒತ್ತು ಶ್ಯಾವಿಗೆ ವರ್ಷವಿಡೀ ಇರುತ್ತವೆ. ಮಳೆಗಾಲದಲ್ಲಿ ಕೆಸುವಿನೆಲೆಯ ಪತ್ರೊಡೆ, ಎಳೆ ಬಿದಿರಿನ ಕಳಲೆ ಪಲ್ಯ, ಕಾಡಿನ ಅಣಬೆ, ಗದ್ದೆಯ ಏಡಿ ಸಾರು. ಕಳಲೆಯನ್ನು ಹೆಚ್ಚಿ, ದಿನವೂ ನೀರು ಬದಲಿಸುತ್ತ ನೆನೆಸಿಟ್ಟ ಮೇಲೆಯೇ ಅಡುಗೆಗೆ ಬಳಸಬೇಕು. ಆ ಕ್ರಮ ಬಲ್ಲವರ ಕೈಯಡುಗೆಯನ್ನೇ ಉಣ್ಣಬೇಕು. ಅಪ್ಪೆಮಿಡಿ ಉಪ್ಪಿನಕಾಯಿ ಪ್ರತಿ ಮನೆಯ ಹೆಮ್ಮೆ. ಒಕ್ಕಲಿಗರ ಮನೆಯ ಕೋಳಿ ಸಾರು, ಹಂದಿ ಮಾಂಸ, ಬ್ರಾಹ್ಮಣರ ಮನೆಯ ತಂಬುಳಿ, ಗೊಜ್ಜು ಎರಡಕ್ಕೂ ತಮ್ಮದೇ ಪರಂಪರೆ ಇದೆ. ಏನು ತಿನ್ನುತ್ತೀರಿ, ಏನು ತಿನ್ನುವುದಿಲ್ಲ ಎಂಬುದನ್ನು ಹಿಂದಿನ ದಿನವೇ ಹೇಳಿದರೆ ಮನೆಯವರಿಗೆ ಅನುಕೂಲ. ಬಡಿಸಿದ್ದನ್ನು ಬಿಡುವುದು ಇಲ್ಲಿ ಯಾರಿಗೂ ಹಿಡಿಸುವುದಿಲ್ಲ.

7. ಗುಡಿ, ಹಬ್ಬ, ಆಟ, ಪುಸ್ತಕ

ಇತಿಹಾಸದ ದಾರಿ ಹಿಡಿಯುವವರು ಮೂಡಿಗೆರೆ ತಾಲ್ಲೂಕಿನ ಅಂಗಡಿಯಿಂದ ಶುರುಮಾಡಬೇಕು. ಹಿಂದೆ ಸೊಸೆವೂರು ಎನಿಸಿದ್ದ ಈ ಹಳ್ಳಿಯೇ ಹೊಯ್ಸಳರ ಮೂಲನೆಲೆ. ವಸಂತಿಕೆಯ ಗುಡಿ, ಪಾಳುಬಿದ್ದ ಬಸದಿಗಳು ಅಲ್ಲಿ ಇಂದಿಗೂ ಇವೆ. ಇಲ್ಲಿಂದ ಬೇಲೂರಿಗೆ ಹೋದರೆ, ಒಂದು ಮಲೆನಾಡ ಮನೆತನ ಎಷ್ಟು ಎತ್ತರಕ್ಕೆ ಬೆಳೆಯಿತೆಂಬುದು ಕಾಣುತ್ತದೆ. ಬೇಲೂರು, ಹಳೇಬೀಡು, ಸೋಮನಾಥಪುರ 2023ರಲ್ಲಿ ಯುನೆಸ್ಕೊ ವಿಶ್ವ ಪರಂಪರೆಯ ಪಟ್ಟಿಗೆ ಸೇರಿವೆ.

ಕಳಸದಲ್ಲಿ ಭದ್ರಾ ನದಿಯ ಮಗ್ಗುಲಿಗೆ ಕಳಸೇಶ್ವರ ದೇವಸ್ಥಾನವಿದೆ. ಈ ಸೀಮೆ ಆಳಿದ ಭೈರರಸರು ಜೈನರು; ಕಾರ್ಕಳದಲ್ಲಿ 1432ರಲ್ಲಿ ಬಾಹುಬಲಿಯನ್ನು ನಿಲ್ಲಿಸಿದ್ದೂ ಅವರ ವಂಶವೇ. ಕಳಸದ ಬಳಿಯ ಅಂಬಾತೀರ್ಥದಲ್ಲಿ ಮಧ್ವಾಚಾರ್ಯರು ಒಂದೇ ಕೈಯಲ್ಲಿ ತಂದಿಟ್ಟರೆಂದು ಹೇಳುವ ಬಂಡೆ ಇದೆ. ಅಲ್ಲಿ ನೀರಿನ ಸೆಳೆತ ಅಪಾಯಕಾರಿ, ಇಳಿಯಬಾರದು. ಹೊರನಾಡಿನ ಅನ್ನಪೂರ್ಣೇಶ್ವರಿ ಗುಡಿಯಲ್ಲಿ ಬಂದವರಿಗೆಲ್ಲ ಊಟವಿದೆ. ದರ್ಶನಕ್ಕೆ ಗಂಡಸರು ಅಂಗಿ ತೆಗೆದು ಶಲ್ಯ ಹೊದೆಯಬೇಕು. ಬಾಬಾ ಬುಡನ್‌ಗಿರಿಯ ಗುಹೆಗೆ ಹಿಂದೂಗಳು ದತ್ತಾತ್ರೇಯನಿಗೆಂದೂ ಮುಸ್ಲಿಮರು ದಾದಾ ಹಯಾತ್ ಮೀರ್ ಕಲಂದರರಿಗೆಂದೂ ನಡೆದುಕೊಳ್ಳುತ್ತಾರೆ. ದತ್ತ ಜಯಂತಿಯ ಸಮಯದಲ್ಲಿ ಪ್ರವಾಸಿಗರಿಗೆ ನಿರ್ಬಂಧ ಇರುವುದರಿಂದ ಆ ದಿನಗಳನ್ನು ಬಿಟ್ಟು ಹೋಗುವುದು ಒಳಿತು.

ಹಬ್ಬಕ್ಕೆ ಹೋಗುವುದಾದರೆ ಊರವರ ಕರೆ ಇರಬೇಕು. ಯುಗಾದಿಯ ಆಸುಪಾಸಿನ ತಿಂಗಳುಗಳಲ್ಲಿ ಮೂಡಿಗೆರೆ ಕಡೆಯ ಹಳ್ಳಿಗಳಲ್ಲಿ ಸುಗ್ಗಿ ನಡೆಯುತ್ತದೆ. ಆ ದಿನಗಳಲ್ಲಿ ಒಗ್ಗರಣೆ ಹಾಕಬಾರದು ಎಂಬಂಥ ಕಟ್ಟುಪಾಡುಗಳನ್ನು ಕೆಲವು ಊರುಗಳು ಬಿಗಿಯಾಗಿ ಪಾಲಿಸುತ್ತವೆ, ಬಂದವರೂ ಅದಕ್ಕೆ ತಲೆಬಾಗಬೇಕು. ಆಶ್ವಯುಜದ ಭೂಮಿ ಹುಣ್ಣಿಮೆಯಂದು ನಸುಕಿನಲ್ಲೇ ಗದ್ದೆಗೆ ಹೋಗಿ, ತೆನೆಗಟ್ಟುವ ಪೈರಿಗೆ ಬಸಿರಿಯ ಬಯಕೆ ತೀರಿಸುವಂತೆ ಎಡೆ ಹಾಕುತ್ತಾರೆ. ದೀಪಾವಳಿಯ ನರಕ ಚತುರ್ದಶಿಯಲ್ಲಿ ಮಲ್ಲೇನಹಳ್ಳಿ ಬಳಿಯ ದೇವೀರಮ್ಮನ ಬೆಟ್ಟವನ್ನು ಸಾವಿರಾರು ಜನ ಬರಿಗಾಲಲ್ಲಿ ಏರುತ್ತಾರೆ. ಮಳೆಗಾಲ ಮುಗಿದ ಮೇಲೆ ಮೇಳಗಳು ಘಟ್ಟ ಹತ್ತಿ ಬಂದಾಗ ಹರಕೆಯ ಯಕ್ಷಗಾನಗಳು ನಡೆಯುತ್ತವೆ. ಭಾಷೆ ತಿಳಿಯದವರು ಮೊದಲೇ ಕಥೆ ಕೇಳಿಕೊಂಡು ಕೂತರೆ ಇಡೀ ರಾತ್ರಿ ರುಚಿಸುತ್ತದೆ.

ಬರುವ ಮೊದಲು ಒಂದು ಪುಸ್ತಕ ಓದಲು ಬಿಡುವಿದ್ದರೆ ಅದು ಪೂರ್ಣಚಂದ್ರ ತೇಜಸ್ವಿಯವರ ‘ಕರ್ವಾಲೊ’ ಆಗಲಿ. ಮೂಡಿಗೆರೆಯಲ್ಲಿ ತೋಟ ಮಾಡಿಕೊಂಡು 2007ರಲ್ಲಿ ತೀರಿಕೊಳ್ಳುವವರೆಗೂ ಅಲ್ಲೇ ಬಾಳಿದ ಅವರಷ್ಟು ಆಪ್ತವಾಗಿ ಈ ನೆಲವನ್ನು ಬರೆದವರು ಕಡಿಮೆ. ಅವರ ಹೆಸರಿನ ಪ್ರತಿಷ್ಠಾನ ಕೊಟ್ಟಿಗೆಹಾರದಲ್ಲಿದೆ.

8. ಗುಡ್ಡ, ಕಾಡಿಗೆ ಹೋಗುವುದು

ಮುಳ್ಳಯ್ಯನಗಿರಿ 1,930 ಮೀಟರ್ ಎತ್ತರದೊಂದಿಗೆ ಕರ್ನಾಟಕದ ಅತಿ ಎತ್ತರದ ಶಿಖರ. ಗಿರಿಯ ಕಡೆಗೆ ಹೋಗುವ ವಾಹನಗಳಿಗೆ ಮುಂಗಡ ನೋಂದಣಿ ಬೇಕಾಗುತ್ತದೆ. 1,894 ಮೀಟರ್ ಎತ್ತರದ ಕುದುರೆಮುಖ ಶಿಖರ ಏರಲು ಅರಣ್ಯ ಇಲಾಖೆಯ ಅನುಮತಿ ಇರಲೇಬೇಕು. ಅಲ್ಲಿನ ಕಬ್ಬಿಣದ ಅದಿರಿನ ಗಣಿಗಾರಿಕೆ ಸುಪ್ರೀಂ ಕೋರ್ಟ್ ಆದೇಶದಂತೆ 2005ರ ಕೊನೆಗೆ ನಿಂತಿತು. ತುಂಗಾ, ಭದ್ರಾ, ನೇತ್ರಾವತಿ ಹುಟ್ಟುವುದು ಈ ಗುಡ್ಡಸಾಲಿನಲ್ಲೇ ಎಂಬುದನ್ನು ನೆನೆದರೆ ಆ ನಿರ್ಧಾರದ ಬೆಲೆ ತಿಳಿಯುತ್ತದೆ.

ಮೂಡಿಗೆರೆ, ಆಲ್ದೂರು ಕಡೆಯ ತೋಟಗಳಿಗೆ ಆನೆಗಳು ಬರುತ್ತವೆ. ಮುಸ್ಸಂಜೆ ಮತ್ತು ನಸುಕಿನಲ್ಲಿ ಒಂಟಿಯಾಗಿ ತಿರುಗಾಡಬಾರದು. ಮಳೆಗಾಲದಲ್ಲಿ ಉಂಬಳ ಕಾಲಿಗೆ ಹತ್ತುತ್ತದೆ. ಅದನ್ನು ಕೀಳದೆ ಉಪ್ಪು ಅಥವಾ ಸುಣ್ಣ ತಾಗಿಸಿದರೆ ಬಿಡುತ್ತದೆ. ಬೇಸಿಗೆಯಲ್ಲಿ ಉಣುಗಿನಿಂದ ಹರಡುವ ಮಂಗನ ಕಾಯಿಲೆಯ ಭಯವಿರುವ ಕಾಡಂಚಿಗೆ ಹೋಗುವವರು ಮೈತುಂಬ ಬಟ್ಟೆ ತೊಟ್ಟು, ಆರೋಗ್ಯ ಕೇಂದ್ರದಲ್ಲಿ ಕೊಡುವ ಎಣ್ಣೆ ಹಚ್ಚಿಕೊಳ್ಳಬೇಕು. ಸತ್ತ ಮಂಗ ಕಂಡರೆ ಮುಟ್ಟದೆ ಆರೋಗ್ಯ ಇಲಾಖೆಗೆ ತಿಳಿಸಬೇಕು.

ಗುಡ್ಡದ ಮೇಲೆ ಗಟ್ಟಿಯಾಗಿ ಹಾಡು ಹಾಕುವುದು, ಶೋಲಾ ಹುಲ್ಲುಗಾವಲಿನಲ್ಲಿ ವಾಹನ ಓಡಿಸುವುದು, ಹಳ್ಳದಲ್ಲಿ ಬಾಟಲಿ ಎಸೆಯುವುದು ಇಲ್ಲಿನ ಜನರನ್ನು ಆಳವಾಗಿ ನೋಯಿಸುತ್ತವೆ. ಆ ಹಳ್ಳದ ನೀರೇ ಕೆಳಗಿನ ಊರಿನವರು ಕುಡಿಯುವ ನೀರು.

ಐದು ದಿನದ ಒಂದು ಕ್ರಮ

ಮೊದಲ ದಿನ ಚಿಕ್ಕಮಗಳೂರಿನಲ್ಲಿ ಕಾಫಿ ವಸ್ತುಸಂಗ್ರಹಾಲಯ ಮತ್ತು ಪೇಟೆಯ ಕಾಫಿಪುಡಿ ಅಂಗಡಿಗಳು. ಎರಡು, ಮೂರನೆಯ ದಿನ ಮೂಡಿಗೆರೆ ಕಡೆಯ ಮನೆಯೊಂದರಲ್ಲಿ ತಂಗಿ ತೋಟದ ಕೆಲಸ, ಅಡುಗೆ, ಅಂಗಡಿ ಗ್ರಾಮ. ನಾಲ್ಕನೆಯ ದಿನ ಅದೇ ಮನೆಯಿಂದ ಬೇಲೂರಿಗೆ ಹೋಗಿ ಬರುವುದು. ಐದನೆಯ ದಿನ ಕೊಟ್ಟಿಗೆಹಾರದ ಮೇಲೆ ಕಳಸ, ಹೊರನಾಡು. ಕಾಫಿಪುಡಿ, ಕಾಳುಮೆಣಸು, ಏಲಕ್ಕಿ, ಜೇನನ್ನು ಆದಷ್ಟೂ ಬೆಳೆದವರಿಂದಲೇ ಕೊಂಡರೆ ಹಣ ಊರಿನಲ್ಲೇ ಉಳಿಯುತ್ತದೆ.

ಪ್ರವಾಸಿಗರ ಸಂಖ್ಯೆ ಹೆಚ್ಚಿದಷ್ಟೂ ಈ ಗುಡ್ಡಗಳ ಮೇಲಿನ ಭಾರವೂ ಹೆಚ್ಚುತ್ತಿದೆ. ಬರುವವರು ನಿಧಾನವಾಗಿ ಬರಲಿ, ಕೆಲವೇ ಜಾಗ ನೋಡಲಿ, ಹೆಚ್ಚು ದಿನ ಉಳಿಯಲಿ. ಊರಿಗೂ ಪ್ರವಾಸಿಗೂ ಅದರಿಂದಲೇ ಲಾಭ.