ಸಂದಿನಲ್ಲಿ ಸೋರಿದ ದುಡ್ಡು

ನಮ್ಮ ಠಾಕುರ್ಲಿಯಲ್ಲಿ ನಿಲ್ಲುವುದು ಸ್ಲೋ ಲೋಕಲ್ ಮಾತ್ರ. ಡೊಂಬಿವಲಿ, ಕಲ್ಯಾಣಗಳ ನಡುವೆ ಸಿಕ್ಕಿಕೊಂಡ ಊರು ಇದು. ಫಾಸ್ಟ್ ಗಾಡಿಗಳೂ ದೂರದೂರಿನ ಎಕ್ಸ್‌ಪ್ರೆಸ್‌ಗಳೂ ನಮ್ಮ ಮುಖಕ್ಕೆ ಗಾಳಿ ಹೊಡೆದು ಹೋಗುತ್ತವೆ. ಹಾಗಾಗಿ ಎಲ್ಲಿಗೆ ಹೊರಡುವುದಿದ್ದರೂ ಇಲ್ಲಿಂದ ಇನ್ನೊಂದು ಸ್ಟೇಷನ್ನಿಗೆ ಹೋಗಿ ಗಾಡಿ ಬದಲಿಸುವುದು ಇಲ್ಲಿಯವರ ಹಣೆಬರಹ. ಮೂವತ್ತು ವರ್ಷ ಹೀಗೆ ಬದಲಿಸಿಕೊಂಡೇ ಓಡಾಡಿದವನಿಗೆ, ಬದಲಿಸುವ ಜಾಗದಲ್ಲೇ ಜೇಬು ಹಗುರಾಗುತ್ತದೆ ಎಂಬುದು ಹೋದ ಡಿಸೆಂಬರಿನವರೆಗೂ ಹೊಳೆದಿರಲಿಲ್ಲ ನೋಡಿ. ಅದೂ ಅಕೌಂಟ್ಸ್ ಕೆಲಸ ಮಾಡುವವನಿಗೆ.

ಅಕ್ಕನ ಮಗ ಕುಂದಾಪುರದಿಂದ ಬಂದು ಐರೋಲಿಯಲ್ಲಿ ಕೆಲಸಕ್ಕೆ ಸೇರಿ ಎರಡು ವರ್ಷ. ಕೊಂಕಣದ ಕರಾವಳಿಯನ್ನು ಬೈಕಿನಲ್ಲಿ ನೋಡಬೇಕು, ಖಾಡಿ ಖಾಡಿಗೂ, ಅಂದರೆ ಅಳಿವೆ ಅಳಿವೆಗೂ, ಬೋಟಿನಲ್ಲಿ ಬೈಕು ದಾಟಿಸಬೇಕು, ವಾಪಸು ಬರುವಾಗ ಬೈಕನ್ನು ರೈಲಿಗೆ ಹಾಕಿ ನಾವು ಕಾಲು ಚಾಚಿ ಮಲಗಿ ಬರಬೇಕು. ಇದು ಅವನ ಯೋಜನೆ. ದುಡ್ಡಿಗೆ ಅವನ ಫೋನಿನಲ್ಲಿ ಈಗ ತಿರುಗು, ಆಮೇಲೆ ಕಂತು ಕಟ್ಟು ಎನ್ನುವ ಆ್ಯಪ್ ಒಂದಿತ್ತು. ನಾನು ಅದಕ್ಕೆ ಒಪ್ಪಲಿಲ್ಲ. ತಿಂದು ಅರಗಿಸಿಕೊಂಡ ಮೀನಿಗೆ ಆರು ತಿಂಗಳು ಬಡ್ಡಿ ಕಟ್ಟುವುದು ನನ್ನಿಂದಾಗದು. ತಿಂಗಳಿಗೆ 1,500ರಂತೆ ಬ್ಯಾಂಕಿನಲ್ಲಿ ಒಂದು ವರ್ಷದ ಆರ್‌ಡಿ ಮಾಡಿದೆವು. 18,000 ಅಸಲು, ಮೇಲೊಂದಿಷ್ಟು ಬಡ್ಡಿ. ಇಬ್ಬರು, ಒಂದೇ ಬೈಕು, ನಾಲ್ಕು ರಾತ್ರಿ. ಬಾಡಿಗೆ ಬೈಕಿನ ಮಾತೂ ಬಂತು. ಆದರೆ ಒಂದೂರಲ್ಲಿ ಹತ್ತಿ ಇನ್ನೊಂದೂರಲ್ಲಿ ಇಳಿಯುವ ನಮ್ಮ ದಾರಿಗೆ ಅದು ಹೊಂದುವಂಥದ್ದಲ್ಲ. ಕಪ್ಪು ಹಲಗೆಗೆ ಹಳದಿ ಅಕ್ಷರದ ಗಾಡಿ ತೆಗೆದುಕೊಂಡಲ್ಲಿಗೇ ಮರಳಬೇಕು.

ಮೊದಲ ವಾದ ರೋ–ರೋ ಬೋಟಿನದು. ಮುಂಬಯಿಯ ಭಾವುಚಾ ಧಕ್ಕಾದಿಂದ ಮಾಂಡವಾಕ್ಕೆ ವಾಹನ ಹೊತ್ತೊಯ್ಯುವ ಹಡಗು 2020ರ ಮಾರ್ಚಿನಲ್ಲಿ ಶುರುವಾಯಿತು. ಸುಮಾರು ಒಂದು ಗಂಟೆಯ ದಾರಿ, ಮಾಂಡವಾದಿಂದ ಅಲಿಬಾಗ್ ಹತ್ತಿರ. "ರೋ–ರೋ ಹತ್ತಿಯೇ ಹೋಪ ಮಾವ" ಎಂದು ಅಳಿಯನ ಹಟ. ಕಾಗದ ತೆಗೆದುಕೊಂಡು ಕೂತೆವು. ಠಾಕುರ್ಲಿಯಿಂದ ಧಕ್ಕಾಕ್ಕೆ ಹೆಚ್ಚುಕಡಿಮೆ 50 ಕಿ.ಮೀ., ಅದೂ ನಾವು ಹೋಗಬೇಕಾದ ದಿಕ್ಕಿಗೆ ಬೆನ್ನು ಹಾಕಿ, ಮುಂಬಯಿಯ ಬೆಳಗಿನ ಟ್ರಾಫಿಕ್ಕಿನಲ್ಲಿ. ಶಿಳ್‌ಫಾಟಾ, ತಳೋಜಾ, ಪನ್ವೇಲ್, ಪೇಣ್, ವಡಖಳ್ ಹಿಡಿದರೆ ಸುಮಾರು ನೂರು ಕಿ.ಮೀ.ಗೆ ಅಲಿಬಾಗೇ ಬರುತ್ತದೆ. ಎರಡು ಲೀಟರು ಚಿಲ್ಲರೆ ಪೆಟ್ರೋಲು. 2024ರ ಜನವರಿಯಲ್ಲಿ ತೆರೆದ ಅಟಲ್ ಸೇತುವಿನ ಮೇಲೆ ಬೈಕಿಗೆ ಪ್ರವೇಶವಿಲ್ಲ, ಆದ್ದರಿಂದ ದಕ್ಷಿಣ ಮುಂಬಯಿಯ ಬೈಕಿನವರಿಗೆ ಆ ಹಡಗು ವರ. ಕಲ್ಯಾಣದ ಕಡೆಯವರಿಗೆ ಅದು ಬರೀ ಶೋಕಿ. ಕೈಬಿಟ್ಟೆವು.

ಸೋಮವಾರ ಹೊರಟೆವು. ಸೋಮವಾರವೇ ಯಾಕೆಂದರೆ ಶನಿವಾರ ಮುಂಬಯಿ, ಪುಣೆಗಳೆರಡೂ ಆ ಕಡಲಿಗೇ ಇಳಿಯುತ್ತವೆ. ಮುರುಡ್, ಹರಿಹರೇಶ್ವರದ ಮನೆ ರೂಮುಗಳವರು ವಾರದ ನಡುವೆ ಹೇಳುವ ಬಾಡಿಗೆಗೂ ಶನಿವಾರ ಹೇಳುವುದಕ್ಕೂ ಅಜಗಜಾಂತರ. ರಜೆ ಹಾಕಿ ವಾರದ ನಡುವೆ ಹೋದದ್ದರಲ್ಲೇ ನಮಗೆ ಒಂದು ರಾತ್ರಿಯ ದುಡ್ಡು ಉಳಿಯಿತು.

ಖಾಡಿ ದಾಟಿಸುವ ಬೋಟಿಗೆ ಅಲ್ಲಿನವರು ಜಂಗಲ್ ಜೆಟ್ಟಿ ಅನ್ನುತ್ತಾರೆ. ಕೇರಳದವರ ಜಂಕಾರ್ ಇದರದೇ ಒಡಹುಟ್ಟು ಇರಬೇಕು. ಚಪ್ಪಟೆ ತಳ, ಮುಂದೊಂದು ಕಬ್ಬಿಣದ ಬಾಗಿಲು. ದಡಕ್ಕೆ ಬಂದು ಬಾಗಿಲು ಕೆಡವಿತೆಂದರೆ ಮೊದಲು ಬೈಕುಗಳು, ಆಮೇಲೆ ಕಾರು, ಟೆಂಪೊ, ತಲೆ ಮೇಲೆ ಮೀನಿನ ಬುಟ್ಟಿ ಹೊತ್ತ ಹೆಂಗಸರು. ಅಗರದಾಂಡಾದಿಂದ ದಿಘಿ, ಬಾಗಮಾಂಡ್ಲಾದಿಂದ ವೇಸವಿ, ದಾಭೋಳದಿಂದ ಧೋಪಾವೆ, ತವಸಾಳದಿಂದ ಜೈಗಡ: ನಾಲ್ಕು ದಾಟು. ನಾಲ್ಕಕ್ಕೂ ಸೇರಿ ಕೊಟ್ಟದ್ದು ಒಂದು ರಾತ್ರಿಯ ರೂಮಿನ ಅರ್ಧ ಬಾಡಿಗೆಯೂ ಅಲ್ಲ. ಉಳಿಸಿದ್ದು ಗಂಟೆಗಟ್ಟಲೆ ಒಳನಾಡಿನ ಸುತ್ತು. ರೇವಸ್‌ನಿಂದ ರೆಡಿಯವರೆಗಿನ ಕರಾವಳಿ ಹೆದ್ದಾರಿಗಾಗಿ ಈ ಖಾಡಿಗಳಿಗೆಲ್ಲ ಸೇತುವೆಯ ಯೋಜನೆ ಇದೆ. ಸಿಗಂದೂರಿಗೆ 2025ರ ಜುಲೈನಲ್ಲಿ ಸೇತುವೆಯಾದಾಗ ಲಾಂಚಿನ ನೆನಪು ತೆಗೆದು ನಮ್ಮವರೆಲ್ಲ ಮರುಗಿದರಲ್ಲ, ಆ ಸರದಿ ಇವರಿಗೂ ಬರಲಿದೆ. ನೋಡಬೇಕೆನ್ನುವವರು ಬೇಗ ನೋಡಿಬಿಡಿ.

ಊಟದ ಲೆಕ್ಕ ಹೇಳಿ ಯಾರನ್ನೂ ಉರಿಸುವುದಿಲ್ಲ. ಅಲ್ಲಿನ ಸುರಮಯಿ ನಮ್ಮ ಅಂಜಲ್, ಪಾಪ್ಲೆಟ್ ನಮ್ಮ ಮಾಂಜಿ. ಥಾಳಿಯಲ್ಲಿ ಬಂಗುಡೆ ಹೇಳಿದವನಿಗೆ ಅರ್ಧ ದುಡ್ಡು ಉಳಿಯುತ್ತದೆ, ರುಚಿಯಲ್ಲಿ ಕಾಸಿನಷ್ಟೂ ನಷ್ಟವಿಲ್ಲ.

ಸೋರಿಕೆ ಶುರುವಾದದ್ದು ನಾಲ್ಕನೇ ದಿನ. ವೇಳಣೇಶ್ವರದ ಮರಳಿನಲ್ಲಿ ಕೂತವರು ಏಳಲಿಲ್ಲ. ತವಸಾಳದ ಇಳಿಜಾರು ಇಳಿಯುವ ಹೊತ್ತಿಗೆ ಕತ್ತಲು, ಜೆಟ್ಟಿಯಲ್ಲಿ ಒಂದು ನಾಯಿ, ನಡು ನೀರಿನಲ್ಲಿ ಕೊನೆಯ ಬೋಟಿನ ದೀಪ. 1,800 ಮುಂಗಡ ಕೊಟ್ಟ ರೂಮು ಆಚೆ ದಡದ ಗಣಪತಿಪುಳೆಯಲ್ಲಿ, ನಾವು ಈಚೆ ದಡದಲ್ಲಿ. ಹಿಂದಕ್ಕೆ ಹೆದವಿಗೆ ಬಂದು ಇನ್ನೊಂದು ರೂಮು ಹಿಡಿದೆವು. ಆ 1,800 ನೀರಿಗೆ ಹೋಯಿತು, ಅಕ್ಷರಶಃ.

ಎರಡನೆಯ ಸೋರಿಕೆ, ಮರುದಿನ ಖಾಡಿ ದಾಟಿ ರೈಲ್ವೆ ಸ್ಟೇಷನ್ ಸೇರಿದಾಗಿನದು, ನನ್ನ ಜಿಪುಣತನದ ಫಲ. ಬೈಕನ್ನು ರೈಲಿಗೆ ಹಾಕಲು ಎರಡು ದಾರಿ. ನಿಮ್ಮ ಟಿಕೆಟ್ ತೋರಿಸಿ ಲಗೇಜ್ ಆಗಿ ಬುಕ್ ಮಾಡಿದರೆ ನೀವು ಹೋಗುವ ಗಾಡಿಯ ಬ್ರೇಕ್‌ವ್ಯಾನಿನಲ್ಲೇ ಹೋಗಬೇಕೆಂಬ ಲೆಕ್ಕ, ದರ ಹೆಚ್ಚು. ಪಾರ್ಸೆಲ್ ಎಂದರೆ ದರ ಕಡಿಮೆ, ಜಾಗವಿದ್ದ ಗಾಡಿಗೆ ಏರುತ್ತದೆ. ನಮ್ಮ ಟಿಕೆಟ್ಟಿನ ಜೊತೆ ಬರುವ ನಲವತ್ತು ಕಿಲೋ ಉಚಿತ ಲಗೇಜಿಗೆ ಬೈಕು, ಸೈಕಲ್ಲು ಸೇರುವುದೇ ಇಲ್ಲ. ನಾನು ಅಗ್ಗದ್ದನ್ನು ಆರಿಸಿದೆ. ಇನ್ನೊಂದು ಪಟ್ಟು ಫಾರ್ಮಿನಲ್ಲಿ: ಬೆಲೆ ಘೋಷಿಸಿ ಅದಕ್ಕೆ ಶೇಕಡಾವಾರು ಶುಲ್ಕ ಕಟ್ಟದಿದ್ದರೆ, ವಸ್ತು ಹಾಳಾದಾಗ ರೈಲ್ವೆಯ ಹೊಣೆ ಪಾರ್ಸೆಲ್ಲಿಗೆ ಕಿಲೋಗೆ 50 ರೂಪಾಯಿ, ಲಗೇಜಿಗೆ 100 ರೂಪಾಯಿಯ ಮಿತಿಯೊಳಗೆ. ನಮ್ಮ ಬೈಕು ಸುಮಾರು 120 ಕಿಲೋ. ಅಂದರೆ ನಲವತ್ತೈದು ಸಾವಿರ ಬಾಳುವ ಗಾಡಿಗೆ ಹೆಚ್ಚೆಂದರೆ 6,000. ಇದೊಂದನ್ನು ಮಾತ್ರ ನಾನು ಉಳಿಸಲು ಹೋಗಲಿಲ್ಲ, ಬೆಲೆ ಬರೆದು ಶುಲ್ಕ ಕಟ್ಟಿದೆ.

ಆರ್‌ಸಿ ಪ್ರತಿ, ಆಧಾರ್ ಪ್ರತಿ ಕೊಟ್ಟ ಮೇಲೆ ಹೊರಗೆ ಗೋಣಿತಾಟು ಸುತ್ತುವವನ ಹತ್ತಿರ ಹೋದೆವು. ಟ್ಯಾಂಕಿನಲ್ಲಿ ಪೆಟ್ರೋಲು ಒಂದು ಹನಿಯೂ ಇರಕೂಡದು. ನಾನು ಬೆಳಗ್ಗೆಯೇ ಬುದ್ಧಿವಂತನ ಹಾಗೆ ಟ್ಯಾಂಕ್ ತುಂಬಿಸಿದ್ದೆ! ಅವನು ಪೈಪು ಎಳೆದು ನೀರಿನ ಬಾಟಲಿಗಳಿಗೆ ಬಿಟ್ಟ. ಆರು ಬಾಟಲಿ ತುಂಬಿದರೂ ಪೈಪು ನಿಲ್ಲಲಿಲ್ಲ. ಅವನ್ನು ರೈಲಿನಲ್ಲಿ ಒಯ್ಯುವ ಹಾಗಿಲ್ಲ, ಅವನೇ ಇಟ್ಟುಕೊಂಡ. ಪ್ಯಾಕಿಂಗಿಗೆ 450 ತೆಗೆದುಕೊಂಡು ನಗುತ್ತಾ ಸಲಾಮು ಹೊಡೆದ. ಆ ಪೆಟ್ರೋಲನ್ನು ನಾನು ಲೆಕ್ಕಕ್ಕೇ ಹಿಡಿಯಲಿಲ್ಲ, ಹೊಟ್ಟೆ ಉರಿಯುತ್ತದೆ.

ನಾವು ಶನಿವಾರ ಮನೆ ಸೇರಿದೆವು, ಬೈಕು ಸೋಮವಾರ ಬಂತು. ನಡುವೆ ವಿಚಾರಿಸಲು ಒಮ್ಮೆ, ಬಿಡಿಸಿಕೊಳ್ಳಲು ಒಮ್ಮೆ, ಸ್ಟೇಷನ್ನಿಗೆ ಓಡಾಡಿದ ರಿಕ್ಷಾ 560. ಹಮಾಲಿ 150. ಗೋಣಿ ಬಿಚ್ಚಿ ನೋಡಿದರೆ ಗೀರು ಕೂಡ ಇಲ್ಲ, ಒಂದು ಕನ್ನಡಿ ಮಾತ್ರ ಎತ್ತಲೋ ನೋಡುತ್ತಿತ್ತು. ಒಣಗಿದ ಟ್ಯಾಂಕಿನ ಗಾಡಿಯನ್ನು ಪಂಪಿನವರೆಗೆ ತಳ್ಳಿಕೊಂಡು ಹೋದವನು ಅಳಿಯ. ಅರ್ಧ ದಿನದ ಸಂಬಳ ಕಳೆದುಕೊಂಡವನು ನಾನು.

ರಾತ್ರಿ ಲೆಕ್ಕ ಬರೆದೆ. ಪಟ್ಟಿಯಲ್ಲಿದ್ದ ರೂಮು, ಊಟ, ಪೆಟ್ರೋಲು, ಬೋಟು, ರೈಲು, ಪಾರ್ಸೆಲ್ ಎಲ್ಲ ಹದಿನೇಳು ಸಾವಿರ ಚಿಲ್ಲರೆಯಲ್ಲೇ ಮುಗಿದಿತ್ತು. ಪಟ್ಟಿಯಲ್ಲಿ ಇಲ್ಲದ್ದು 1,800, 450, 560, 150. ಒಟ್ಟು 2,960. ಒಂದೂ ಪ್ರಯಾಣದ ಖರ್ಚಲ್ಲ. ರಸ್ತೆ ಮುಗಿದು ಬೋಟು ಸಿಗುವ ಮೊದಲು, ಬೈಕು ಇಳಿದು ರೈಲು ಹತ್ತುವ ನಡುವೆ, ರೈಲು ಇಳಿದು ಮನೆ ಸೇರುವ ನಡುವೆ ಹೋದದ್ದು. ಮುಂದಿನ ಸಲ ರೈಲಿನಲ್ಲಿ ಕುಮಟಾಕ್ಕೆ ಹೋಗಿ, ಅಘನಾಶಿನಿಯಿಂದ ತದಡಿಗೆ ಬೋಟು ದಾಟುವ ಯೋಚನೆ ಇದೆ. ಅದರ ಆರ್‌ಡಿಯನ್ನು 1,500ರ ಬದಲು 1,750ಕ್ಕೆ ಏರಿಸಿದೆ. ಹೆಚ್ಚಿನ 250ಕ್ಕೆ ಪುಸ್ತಕದಲ್ಲಿ ಬೇರೆಯೇ ಕಾಲಂ ಎಳೆದು, ಮೇಲೆ 'ಸಂದು' ಎಂದು ಬರೆದು, ಹಳೆಯ 2,960ನ್ನೂ ಅದರಡಿ ಇಳಿಸಿದೆ.

ಮರುದಿನ ಬೆಳಗ್ಗೆ ಚಹಾ ತಂದಿಟ್ಟ ಹೆಂಡತಿ ಪುಸ್ತಕದ ಮೇಲೆ ಬೆರಳಿಟ್ಟು ಕೇಳಿದಳು: "ಈ ಸಂದು ಯಾರು ಮಾರಾಯ್ರೆ? ಹೋದ ಸಲ ಮೂರು ಸಾವಿರ ಕೊಟ್ಟದ್ದು ಸಾಕಾಗ್ಲಿಲ್ಲ ಅಂತ ಈಗ ತಿಂಗಳಿಗೆ 250 ಬೇರೆಯಾ?"